ತೂಕದ ಮುಳ್ಳನ್ನೇ ನೋಡಿ ಬೇಜಾರಾದ ಗೆಳೆಯನಿಗೆ

ಗೆಳೆಯಾ,

ನಿನ್ನ ಮೆಸೇಜು ಓದಿದೆ. ದಿನಾ ಬೆವರು ಸುರಿಸಿದರೂ ತೂಕದ ಮುಳ್ಳು ಅಲ್ಲಾಡುತ್ತಿಲ್ಲ, ವ್ಯಾಯಾಮ ಬಿಟ್ಟೇ ಬಿಡುತ್ತೇನೆ ಅಂದಿದ್ದೀಯ. ಬಿಡಬೇಡ ಮಾರಾಯಾ. ವ್ಯಾಯಾಮದ ಕೈಲಾಗುವ ಕೆಲಸವೇ ಬೇರೆ, ನೀನು ಕೇಳುತ್ತಿರುವುದೇ ಬೇರೆ.

ಲೆಕ್ಕ ಹಾಕಿ ನೋಡು. ಮೈಯಲ್ಲಿನ ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 70 ಕಿಲೋ ತೂಗುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚೂಕಡಿಮೆ 150. ಒಂದು ಕಿಲೋ ಕರಗಲು ಸುಮಾರು 50 ದಿನ ಬೇಕಾಯಿತು! ಅದೂ ಒಂದು ತುತ್ತೂ ಜಾಸ್ತಿ ತಿನ್ನದಿದ್ದರೆ. ನಡೆದು ಬಂದ ಮೇಲೆ ಹಸಿವು ಸುಮ್ನಿರುತ್ತಾ? ಅರ್ಧ ಗಂಟೆಯ ದುಡಿಮೆಯನ್ನು ಎರಡು ನಿಮಿಷದಲ್ಲಿ ತಿಂದು ಮುಗಿಸಬಹುದು.

ದೇಹವೂ ಕಿಲಾಡಿಯೇ. ತಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನವಿಡೀ ಅಲೆಯುವವರು. ಅವರು ಎಷ್ಟು ಕ್ಯಾಲೊರಿ ಸುಡುತ್ತಾರೆ ಅಂತ ವಿಜ್ಞಾನಿಗಳು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ಕೂತು ಕೆಲಸ ಮಾಡುವ ಪಾಶ್ಚಾತ್ಯರಿಗೂ ಅವರಿಗೂ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ಒಂದು ಕಡೆ ಖರ್ಚು ಹೆಚ್ಚಿದರೆ ಮೈ ಇನ್ನೊಂದು ಕಡೆ ಉಳಿಸಿಕೊಳ್ಳುತ್ತದೆ ಅನ್ನುವುದು ಆ ವಿಜ್ಞಾನಿಗಳ ವಾದ. ಹಾಗಾಗಿ ತೂಕ ಇಳಿಸುವ ಕೆಲಸ ಮುಖ್ಯವಾಗಿ ತಟ್ಟೆಯದ್ದೇ.

ವ್ಯಾಯಾಮದ ಸರದಿ ಬರುವುದು ತೂಕ ಇಳಿದ ಮೇಲೆ. ಆಗ ಹಸಿವು ಹೆಚ್ಚುತ್ತದೆ, ಮೈ ಕಡಿಮೆ ಕ್ಯಾಲೊರಿಯಲ್ಲೇ ದಿನ ತಳ್ಳುತ್ತದೆ. ಇಳಿಸಿದ್ದೆಲ್ಲ ವಾಪಸ್ ಬರುವುದು ಇಲ್ಲೇ. ಅಮೆರಿಕದಲ್ಲಿ ತೂಕ ಇಳಿಸಿ ಅದನ್ನು ಉಳಿಸಿಕೊಂಡವರ ವಿವರವನ್ನು 1994ರಿಂದ ಕಲೆಹಾಕುತ್ತಿದ್ದಾರೆ. ಹಾಗೆ ಉಳಿಸಿಕೊಂಡವರು ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಮೈ ದಂಡಿಸುತ್ತಾರಂತೆ.

ಇನ್ನೊಂದು ಮಾತು. ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಭಾರ ಎತ್ತುವ ವ್ಯಾಯಾಮ ಮಾಡಿದರೆ ಅದು ಅಷ್ಟು ಕರಗುವುದಿಲ್ಲ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂತ ಕೊಬ್ಬು, ತೂಕ ಹಾಗೇ ಇದ್ದರೂ ವ್ಯಾಯಾಮದಿಂದ ಇಳಿಯಬಹುದು. ಅದೇ ಅಲ್ವಾ ಸಕ್ಕರೆ ಕಾಯಿಲೆಗೆ, ಹೃದಯದ ತೊಂದರೆಗೆ ದಾರಿ ಮಾಡುವುದು? ಮುಳ್ಳಿಗೆ ಅದು ಕಾಣುವುದಿಲ್ಲ. ಟೇಪು ಹಿಡಿದು ಸೊಂಟ ಅಳೆದು ನೋಡು.

ಎಷ್ಟು ಮಾಡಬೇಕು ಅಂತ ಕೇಳಿದ್ದೀಯ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಅನ್ನುತ್ತದೆ. ನೀನು ಸದ್ಯಕ್ಕೆ 150ರಿಂದ ಶುರು ಮಾಡು, ಸಾಕು.

ಮತ್ತೆ, ಜಾಸ್ತಿ ಬೆವರಲಿ ಅಂತ ಆ ದಪ್ಪ ಜಾಕೆಟ್ ಹಾಕಿಕೊಂಡು ಓಡುವುದನ್ನು ದಯವಿಟ್ಟು ನಿಲ್ಲಿಸು. ಬೆವರಲ್ಲಿ ಹೋಗುವುದು ನೀರು, ಎರಡು ಲೋಟ ಕುಡಿದರೆ ವಾಪಸ್. ಕರಗಿದ ಕೊಬ್ಬಿನ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಜಾಕೆಟ್ಟಿಗೆ ಅಲ್ಲೇನೂ ಕೆಲಸವಿಲ್ಲ.

ಸೊಂಟದ ಅಳತೆ ಬರೆದು ಕಳಿಸು.

ನಿನ್ನ ಗೆಳೆಯ