ನೀಲಕಂಠದ ಲೆಕ್ಕ ಇಡುವವರು

ಮಾನ್ಯ ಸಂಪಾದಕರೇ,

ವಿಜಯದಶಮಿಯ ಮರುದಿನ ನಿಮ್ಮ ಪತ್ರಿಕೆಯಲ್ಲಿ ನೀಲಕಂಠ ಹಕ್ಕಿಯ ದೊಡ್ಡ ಚಿತ್ರ ಬಂದಿತ್ತು. ಕೆಳಗೆ ‘ನಮ್ಮ ರಾಜ್ಯಪಕ್ಷಿ’ ಅಂತ ಒಂದೇ ಸಾಲು. ಇನ್ನೊಂದು ಸಾಲು ಇರಬೇಕಿತ್ತು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಈ ಹಕ್ಕಿ ದೇಶದಲ್ಲಿ ಕಡಿಮೆಯಾಗುತ್ತಾ ಬಂದಿದೆ. ಅದು ಗೊತ್ತಾಗಿದ್ದು ಬೆಳಿಗ್ಗೆ ಎದ್ದು, ಯಾರಿಂದಲೂ ಒಂದು ರೂಪಾಯಿ ಪಡೆಯದೆ, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಬರೆದಿಡುವ ಸಾವಿರಾರು ಜನರಿಂದ.

ನಾನು ಚಳ್ಳಕೆರೆ ತಾಲ್ಲೂಕಿನವನು. ಲೈನ್‌ಮನ್ ಆಗಿದ್ದು ಈಗ ನಿವೃತ್ತ. ತಲೆ ಎತ್ತಿ ತಂತಿ ನೋಡುತ್ತಾ ನಡೆಯುವುದೇ ನನ್ನ ಕೆಲಸವಾಗಿತ್ತು. ಯಾವ ಕಂಬದ ಇನ್ಸುಲೇಟರ್ ಒಡೆದಿದೆ, ಎಲ್ಲಿ ಜಂಪ್ ಕಟ್ ಆಗಿದೆ, ಯಾವ ಕೊಂಬೆ ಲೈನಿಗೆ ತಾಗುತ್ತಿದೆ ಅಂತ ನೋಡುವಾಗ ತಂತಿ ಮೇಲೆ ಕೂತ ಹಕ್ಕಿಗಳು ಹೇಗೂ ಕಣ್ಣಿಗೆ ಬೀಳುತ್ತವೆ. ಕಾಜಾಣ, ಕಳ್ಳಿಪೀರ, ಬೆಳವ, ಗೊರವಂಕ. ಇವುಗಳ ನಡುವೆ ಒಂಟಿಯಾಗಿ ನೀಲಕಂಠ.

ನೀಲಕಂಠ ಸುಮ್ನೆ ಕೂತಾಗ ಅದರ ಚೆಂದ ಪೂರ್ತಿ ಕಾಣುವುದಿಲ್ಲ. ಕಂದು ಎದೆ, ದಪ್ಪ ತಲೆ, ನೆಲವನ್ನೇ ದಿಟ್ಟಿಸುವ ಕಣ್ಣು. ಶೇಂಗಾ ಹೊಲದಲ್ಲಿ ಒಂದು ಮಿಡತೆ ಅಲುಗಿದರೆ ಸಾಕು, ಇಳಿದು ಹಿಡಿದು ಮತ್ತೆ ಅದೇ ತಂತಿಗೆ ವಾಪಸ್. ಹಿಡಿದದ್ದನ್ನು ತಂತಿಗೆ ಬಡಿದು ಬಡಿದು ನುಂಗುತ್ತದೆ. ಹಾಗೆ ಇಳಿದು ಏರುವಾಗ ರೆಕ್ಕೆಯ ಎರಡು ಬಗೆಯ ನೀಲಿ ಬಿಚ್ಚಿಕೊಳ್ಳುತ್ತದೆ. ಬೇಸಿಗೆ ಶುರುವಾದರೆ ಮೇಲಕ್ಕೆ ಹಾರಿ, ಕರ್ಕಶವಾಗಿ ಕೂಗುತ್ತಾ, ಅತ್ತಿತ್ತ ಹೊರಳುತ್ತಾ ಕೆಳಗೆ ಬರುತ್ತದೆ. ಗೂಡು ಮರದ ಪೊಟರೆಯಲ್ಲಿ. ತಲೆ ಹೋದ ತೆಂಗು, ಒಣಗಿದ ಈಚಲು, ಬದುವಿನ ಹಳೇ ಬೇವು, ಹೀಗೆ ನಾವು ಸೌದೆಗೆ ಅಂತ ಮೊದಲು ಕಡಿಯುವ ಮರಗಳೇ ಅದಕ್ಕೆ ಬೇಕು.

ನಮ್ಮ ಕಡೆ ಇದು ಯಾವಾಗಲೂ ಇರುವ ಹಕ್ಕಿ. ಅದಕ್ಕೇ ಯಾರೂ ಲೆಕ್ಕ ಇಟ್ಟಿರಲಿಲ್ಲ. ಹುಲಿ, ಆನೆಗಳ ಗಣತಿ ಆಗುತ್ತದೆ. ತಂತಿ ಮೇಲೆ ದಿನಾ ಕೂರುವ ಹಕ್ಕಿಯನ್ನು ಎಣಿಸಲು ಯಾವ ಇಲಾಖೆಗೂ ಸಿಬ್ಬಂದಿ ಇಲ್ಲ, ಇರುವುದೂ ಸಾಧ್ಯವಿಲ್ಲ. ಇಷ್ಟು ದೊಡ್ಡ ದೇಶದ ಪ್ರತಿ ಹಳ್ಳಿಗೆ, ಪ್ರತಿ ತಿಂಗಳು ವಿಜ್ಞಾನಿಗಳನ್ನು ಕಳಿಸಲಾಗುತ್ತದಾ? ಆ ಜಾಗ ತುಂಬಿದವರು ಹವ್ಯಾಸಿಗಳು.

2023ರ ಆಗಸ್ಟ್‌ನಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಎಂಬ ವರದಿ ಬಂತು. ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳು ಸೇರಿ 13 ಸಂಸ್ಥೆಗಳು ತಯಾರಿಸಿದ ವರದಿ ಅದು. 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಅದರಲ್ಲಿದೆ. ಅದಕ್ಕೆ ಆಧಾರ ಸುಮಾರು 30,000 ಹಕ್ಕಿವೀಕ್ಷಕರು ಬರೆದುಕೊಟ್ಟ 3 ಕೋಟಿ ದಾಖಲೆಗಳು. ವಿದ್ಯಾರ್ಥಿಗಳು, ಬ್ಯಾಂಕಿನವರು, ಮೇಷ್ಟ್ರುಗಳು, ಮನೆಯಲ್ಲಿರುವ ಹೆಣ್ಣುಮಕ್ಕಳು, ನನ್ನಂಥ ನಿವೃತ್ತರು ಬರೆದದ್ದು. ದೀರ್ಘಾವಧಿಯ ಲೆಕ್ಕ ಹಾಕಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ. ಅವುಗಳಲ್ಲಿ 204 ಕಡಿಮೆಯಾಗಿವೆ. ಹೆಚ್ಚಾಗಿದ್ದು 36 ಮಾತ್ರ. ಬಯಲು, ಹುಲ್ಲುಗಾವಲಿನ ಹಕ್ಕಿಗಳಿಗೆ ಜೋರು ಪೆಟ್ಟು ಬಿದ್ದಿದೆ. ಶೇ 30ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಕುಸಿದ 14 ಸಾಮಾನ್ಯ ಹಕ್ಕಿಗಳಿಗೆ ಅಳಿವಿನ ಅಪಾಯ ಎಷ್ಟಿದೆ ಎನ್ನುವುದನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಮತ್ತೆ ಪರಿಶೀಲಿಸಬೇಕು ಅಂತ ವರದಿ ಹೇಳಿದೆ. ಆ 14ರಲ್ಲಿ ನಮ್ಮ ನೀಲಕಂಠವೂ ಇದೆ. ಕರ್ನಾಟಕಕ್ಕೆ ಮಾತ್ರವಲ್ಲ, ತೆಲಂಗಾಣ, ಒಡಿಶಾಗಳಿಗೂ ಇದೇ ರಾಜ್ಯಪಕ್ಷಿ. ಮೂರು ರಾಜ್ಯಗಳ ಹೆಮ್ಮೆಯ ಹಕ್ಕಿ ಹೀಗೆ ಕರಗುತ್ತಿದ್ದರೆ ಅದು ಸಣ್ಣ ಸುದ್ದಿ ಅಲ್ಲ.

ಹವ್ಯಾಸಿಗಳು ಬರೆದದ್ದನ್ನು ನಂಬುವುದು ಹೇಗೆ ಅಂತ ಹಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ಇದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ದಾಖಲೆ ಹಾಕುವುದು ‘ಇ-ಬರ್ಡ್’ ಎಂಬ ಉಚಿತ ಆ್ಯಪ್‌ನಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮತ್ತು ಅಲ್ಲಿನ ಆಡುಬಾನ್ ಸೊಸೈಟಿ ಎಂಬ ಹಕ್ಕಿ ಸಂರಕ್ಷಣಾ ಸಂಸ್ಥೆ 2002ರಲ್ಲಿ ಇದನ್ನು ವೆಬ್‌ಸೈಟ್ ಆಗಿ ಶುರು ಮಾಡಿದವು. ಒಂದು ಜಾಗಕ್ಕೆ ಹೋಗಿ, ಹದಿನೈದು ನಿಮಿಷವೋ ಅರ್ಧ ಗಂಟೆಯೋ ನೋಡಿ, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಎಷ್ಟೆಷ್ಟು ಅಂತ ಬರೆಯಬೇಕು. ಎಲ್ಲ ಅಂದರೆ ಎಲ್ಲ. ಕಾಗೆ, ಪಾರಿವಾಳ, ಗೊರವಂಕ ಬಿಡುವ ಹಾಗಿಲ್ಲ. ಅಪರೂಪದ್ದನ್ನು ಮಾತ್ರ ಬರೆದರೆ ಆ ಪಟ್ಟಿಯಿಂದ ವಿಜ್ಞಾನಕ್ಕೆ ಹೆಚ್ಚು ಉಪಯೋಗವಿಲ್ಲ. ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಿನಲ್ಲಿ ಏನೂ ತೊಂದರೆ ಇಲ್ಲದ ದಿನವೂ ಗಂಟೆಗಂಟೆಗೆ ರೀಡಿಂಗ್ ಬರೆಯುತ್ತೇವೆ, ಅಲ್ವಾ? ಆ ಮಾಮೂಲಿ ರೀಡಿಂಗ್‌ಗಳು ಇದ್ದರೇ ಲೋಡ್ ಯಾವಾಗ ಏರಿತು, ಯಾವಾಗ ಇಳಿಯಿತು ಅಂತ ಹೇಳಲು ಸಾಧ್ಯ. ಇದೂ ಹಾಗೆಯೇ. ಒಂದು ಪ್ರದೇಶದ ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ನೀಲಕಂಠ ಇದೆ ಅಂತ ನೋಡುತ್ತಾರೆ. ಹಿಂದೆ ಮೂವತ್ತರಲ್ಲಿ ಇದ್ದು ಈಗ ಇಪ್ಪತ್ತರಲ್ಲಿ ಇದ್ದರೆ ಏನೋ ಆಗಿದೆ ಅಂತ ಅರ್ಥ. ‘ಇವತ್ತು ಕಾಣಲಿಲ್ಲ’ ಎನ್ನುವುದೂ ಇಲ್ಲಿ ಮಾಹಿತಿಯೇ. ಪೂರ್ಣ ಪಟ್ಟಿ ಇದ್ದರೆ ಮಾತ್ರ ಅದು ಗೊತ್ತಾಗುವುದು.

ತಪ್ಪು ಬರೆದರೆ? ಆ ಜಾಗಕ್ಕೆ, ಆ ಕಾಲಕ್ಕೆ ಹೊಂದದ ಹಕ್ಕಿಯೋ ಸಂಖ್ಯೆಯೋ ಬಂದರೆ ಆ್ಯಪ್ ಅಲ್ಲೇ ಗುರುತು ಹಾಕುತ್ತದೆ. ಆಮೇಲೆ ಆ ಪ್ರದೇಶ ಬಲ್ಲ ಅನುಭವಿ ವೀಕ್ಷಕರು ಒಂದೊಂದಾಗಿ ಪರಿಶೀಲಿಸುತ್ತಾರೆ. ಅವರೂ ಸ್ವಯಂಸೇವಕರೇ. ಒಂದು ಚಳಿಗಾಲದಲ್ಲಿ ಜೋಳದ ಹೊಲದ ಪಕ್ಕದ ಲೈನಿನ ಮೇಲೆ ಗುಲಾಬಿ ಮೈನಾಗಳು ಭಾರೀ ಸಂಖ್ಯೆಯಲ್ಲಿ ಕೂತಿದ್ದವು. ಮಧ್ಯ ಏಷ್ಯಾದ ಕಡೆ ಮರಿ ಮಾಡಿ ಚಳಿಗೆ ನಮ್ಮಲ್ಲಿಗೆ ಬರುವ ಹಕ್ಕಿ ಅದು. ನಾನು ದೊಡ್ಡ ಸಂಖ್ಯೆ ಬರೆದೆ. ಹೇಗೆ ಎಣಿಸಿದಿರಿ ಅಂತ ಪರಿಶೀಲಕರಿಂದ ಇಮೇಲ್ ಬಂತು. ಹತ್ತು ಹಕ್ಕಿ ಎಷ್ಟು ಉದ್ದ ತಂತಿ ಹಿಡಿಯುತ್ತವೆ ಅಂತ ಮೊದಲು ನೋಡಿದೆ, ಆ ಅಳತೆಯಲ್ಲಿ ಕಂಬದಿಂದ ಕಂಬಕ್ಕೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದೆ, ಮೂರು ತಂತಿ, ಇಷ್ಟು ಸ್ಪ್ಯಾನ್ ಅಂತ ಉತ್ತರ ಬರೆದೆ. ಒಪ್ಪಿಕೊಂಡರು. ಊರಲ್ಲಿ ಮೀಟರ್ ರೀಡಿಂಗ್ ಬಿಟ್ಟು ನನ್ನ ಲೆಕ್ಕವನ್ನು ಅಷ್ಟು ಗಮನ ಕೊಟ್ಟು ಕೇಳಿದವರು ಬೇರೆ ಇಲ್ಲ. ನನಗೆ ಅದು ನಿಜವಾಗಿ ಖುಷಿ ಕೊಟ್ಟಿತು.

ಹೀಗೆ ಕೂಡಿಟ್ಟ ಲೆಕ್ಕ ಕೆಲವು ನಂಬಿಕೆಗಳನ್ನು ತಿದ್ದುತ್ತದೆ, ಕೆಲವನ್ನು ಗಟ್ಟಿ ಮಾಡುತ್ತದೆ. ಮೊಬೈಲ್ ಟವರ್ ಬಂದು ಗುಬ್ಬಚ್ಚಿ ನಾಶವಾಯಿತು ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡ ಮಹಾನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿರುವುದು ನಿಜ. ಆದರೆ ದೇಶದ ಒಟ್ಟು ಲೆಕ್ಕದಲ್ಲಿ ಅದು ಹೆಚ್ಚು ಕಡಿಮೆ ಸ್ಥಿರವಾಗಿದೆ ಅಂತ ಇದೇ ಹೆಸರಿನ 2020ರ ವರದಿ ತೋರಿಸಿತು. ನಮ್ಮೂರ ಅಂಗಡಿ ಸಾಲಿನಲ್ಲಿ ಈಗಲೂ ಗುಂಪು ಗುಂಪಾಗಿವೆ. ನವಿಲು ಜಾಸ್ತಿಯಾಗಿದೆ ಅಂತ ರೈತರು ಗೋಳಾಡುವುದು ಮಾತ್ರ ಸರಿ. ಪಟ್ಟಿಗಳೂ ಅದನ್ನೇ ಹೇಳುತ್ತವೆ.

ನೀಲಕಂಠ ಯಾಕೆ ಕಡಿಮೆಯಾಗುತ್ತಿದೆ ಅಂತ ಪಟ್ಟಿ ನೇರವಾಗಿ ಹೇಳುವುದಿಲ್ಲ. ಎಲ್ಲಿ, ಯಾವಾಗ, ಎಷ್ಟು ಅಂತ ಹೇಳುತ್ತದೆ. ಕಾರಣ ಹುಡುಕುವವರು ಅಲ್ಲಿಂದ ಶುರು ಮಾಡಬೇಕು. ನನಗೆ ಅನುಮಾನ ಇರುವುದು ಮಿಡತೆಯ ಮೇಲೆ ಬೀಳುವ ಔಷಧಿ, ಬದುವಿನಿಂದ ಮಾಯವಾದ ಹಳೇ ಮರ, ಉಳುಮೆಗೋ ಸೈಟಿಗೋ ಹೋದ ಕಾವಲು ಭೂಮಿ. ಆದರೆ ಅನುಮಾನ ಸಾಲದು. ನಮ್ಮ ಬಯಲುಸೀಮೆಯ ಪಟ್ಟಿಗಳೇ ಇಲ್ಲದಿದ್ದರೆ ಅದನ್ನು ಪರೀಕ್ಷಿಸುವುದು ಹೇಗೆ?

ನನ್ನ ಮುಖ್ಯ ಮಾತು ಇದೇ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡಲು ಸೇರುವ ಪದ್ಧತಿ ದಶಕಗಳಿಂದ ಇದೆ. ಮೈಸೂರಿನ ಹವ್ಯಾಸಿಗಳು ನಗರವನ್ನು ಚೌಕ ಚೌಕವಾಗಿ ಹಂಚಿಕೊಂಡು ಹಕ್ಕಿಗಳ ನಕಾಶೆಯನ್ನೇ ಮಾಡಿದ್ದಾರೆ. ಕೇರಳದವರಂತೂ 2015ರಿಂದ 2020ರವರೆಗೆ ಇಡೀ ರಾಜ್ಯವನ್ನು ಹೀಗೆ ಚೌಕ ಮಾಡಿ, ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ನಡೆದು ನೋಡಿದರು. ಯಾವ ಹಕ್ಕಿ ಯಾವ ತಾಲ್ಲೂಕಿನಲ್ಲಿ ಎಷ್ಟಿದೆ ಅಂತ ಅವರು ಈಗ ಕಾಗದ ಮುಂದಿಟ್ಟು ಮಾತಾಡಬಲ್ಲರು. ಮಲೆನಾಡು, ಕರಾವಳಿಗೂ ಕ್ಯಾಮೆರಾ ಹಿಡಿದು ಬರುವವರು ಬಹಳ. ಚಳ್ಳಕೆರೆ, ಮೊಳಕಾಲ್ಮುರು, ಪಾವಗಡ, ಕುಷ್ಟಗಿ, ದೇವದುರ್ಗದ ಕಡೆ ಯಾರು ಬರುತ್ತಾರೆ? ನೀಲಕಂಠದ ನೆಲ ಇದು. ಇಲ್ಲಿಯವರೇ ಬರೆಯಬೇಕು.

ಊರಿನವರು ಮನಸ್ಸು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ನೋಡಿ. ನೀರಿನಲ್ಲಿ ನಿಂತ ಕರಿಜಾಲಿ ಮರಗಳು, ಅದರ ತುಂಬ ಬಣ್ಣದ ಕೊಕ್ಕರೆಗಳು. ಊರವರು ಕೆರೆಯನ್ನು ಕಾಪಾಡಿದರು, ಹವ್ಯಾಸಿಗಳು ವರ್ಷ ವರ್ಷ ದಾಖಲಿಸಿದರು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಗೆ ಗದಗದ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಜೊತೆಗೆ ರಾಮ್ಸರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಒಂದು ಕೆರೆ ಮುಖ್ಯ ಅಂತ ಅಧಿಕಾರಿಗಳಿಗೆ ಮನವರಿಕೆ ಮಾಡಲು ‘ತುಂಬಾ ಹಕ್ಕಿ ಬರುತ್ತೆ ಸಾರ್’ ಅಂದರೆ ಸಾಲದು. ಯಾವ ಹಕ್ಕಿ, ಎಷ್ಟು, ಯಾವ ತಿಂಗಳು ಅಂತ ಹೇಳಬೇಕು. ಹೂಳೆತ್ತುವ ಹೆಸರಿನಲ್ಲಿ ಕೆರೆ ಅಂಚನ್ನೆಲ್ಲ ಗೋಡೆಯ ಹಾಗೆ ಕಡಿದಾಗಿ ಕಡಿದು, ನಡುವಿನ ಜಾಲಿ ಮರ ಕಿತ್ತು ಹಾಕುವ ಯೋಜನೆ ಬಂದಾಗ ಕೈಯಲ್ಲಿ ಪಟ್ಟಿ ಇದ್ದವರ ಮಾತಿಗೆ ತೂಕ ಬರುತ್ತದೆ. ಆಳವಿಲ್ಲದ ಕೆಸರು ಅಂಚು ಹೋದರೆ ಉಲ್ಲಂಕಿ, ಗೊರವಗಳಿಗೆ ಕಾಲೂರಲು ಜಾಗವಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫೋಟೊ ಹುಚ್ಚಿಗೆ ಗೂಡಿನ ಹತ್ತಿರ ಹೋಗುವುದು, ಅಡ್ಡ ಬರುವ ಕೊಂಬೆ ಮುರಿಯುವುದು, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಬೇಡ. ಗೂಡು ಇರುವ ಜಾಗವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ದೀಪಾವಳಿ ಹೊತ್ತಿಗೆ ಗೂಬೆಗಳನ್ನು ಹಿಡಿಯುವವರಿದ್ದಾರೆ. ವಿಜಯದಶಮಿ ದಿನ ನೀಲಕಂಠ ಕಂಡರೆ ಶುಭ ಎಂಬ ನಂಬಿಕೆ ಉತ್ತರ ಭಾರತದಲ್ಲೂ ತೆಲಂಗಾಣದಲ್ಲೂ ಇದೆ. ನಂಬಿಕೆಯೇನೋ ಒಳ್ಳೆಯದೇ. ಆದರೆ ದುಡ್ಡಿಗಾಗಿ ಆ ಹಕ್ಕಿಯನ್ನು ಹಿಡಿದು, ರೆಕ್ಕೆ ಕತ್ತರಿಸಿ, ಕಾಲು ಕಟ್ಟಿ ಮನೆ ಮನೆಗೆ ತೋರಿಸುವವರೂ ಇದ್ದಾರೆ. ಅದು ಕಾನೂನಿನ ಪ್ರಕಾರ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ತಮಿಳುನಾಡಿನವರು ಪೊಂಗಲ್‌ಗೆ, ಕೇರಳದವರು ಓಣಂಗೆ ಹಕ್ಕಿ ಎಣಿಸುತ್ತಾರೆ. ನಮ್ಮ ಊರುಗಳಲ್ಲಿ ಬನ್ನಿ ಮುಡಿಯಲು ಹೋಗುವ ದಾರಿಯಲ್ಲಿ ನೀಲಕಂಠ ಎಣಿಸಬಹುದು. ದಾರಿಯಲ್ಲಿ ಕಂಡ ಉಳಿದ ಹಕ್ಕಿಗಳನ್ನೂ ಬರೆದರೆ ಒಂದು ಪೂರ್ಣ ಪಟ್ಟಿ ಆಯಿತು. ಅಲ್ಲಿಯವರೆಗೆ ಕಾಯಲೂ ಬೇಕಿಲ್ಲ. ಜನವರಿಯಲ್ಲಿ ಕೆರೆಗಳ ನೀರುಹಕ್ಕಿ ಗಣತಿ ಇರುತ್ತದೆ. 1987ರಿಂದ ನಡೆದು ಬಂದ ಗಣತಿ ಅದು. ಫೆಬ್ರುವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಜಾಗತಿಕ ಎಣಿಕೆ ಇರುತ್ತದೆ, ಭಾರತದವರು 2013ರಿಂದ ಅದರಲ್ಲಿ ಪಾಲ್ಗೊಳ್ಳುತ್ತಿದ್ದಾರೆ. ಶಾಲೆಯ ಮೈದಾನದಲ್ಲಿ ಹದಿನೈದು ನಿಮಿಷ ನಿಂತು ಎಣಿಸಿದರೂ ನಡೆಯುತ್ತದೆ. ಮೇಷ್ಟ್ರು ಒಬ್ಬರ ಫೋನಿನಲ್ಲಿ ಆ್ಯಪ್ ಇದ್ದರೆ ಸಾಕು.

ನಿಮ್ಮಿಂದಲೂ ಒಂದು ಸಹಾಯ ಬೇಕು. ಜಲಾಶಯದ ನೀರಿನ ಮಟ್ಟ, ಎಪಿಎಂಸಿ ಧಾರಣೆ ನೀವು ಬಿಡದೆ ಹಾಕುತ್ತೀರಿ. ತಿಂಗಳಿಗೊಮ್ಮೆ ಜಿಲ್ಲಾ ಪುಟದಲ್ಲಿ ಅಂಗೈಯಷ್ಟು ಜಾಗ ಕೊಡಿ. ಈ ತಿಂಗಳು ಜಿಲ್ಲೆಯಿಂದ ಎಷ್ಟು ಪಟ್ಟಿ ಬಂತು, ಯಾವ ತಾಲ್ಲೂಕಿನಿಂದ ಒಂದೂ ಬರಲಿಲ್ಲ, ಎಷ್ಟು ಪಟ್ಟಿಯಲ್ಲಿ ನೀಲಕಂಠ ಇತ್ತು, ಇಷ್ಟು ಹಾಕಿದರೆ ಸಾಕು. ಇ-ಬರ್ಡ್‌ನಲ್ಲಿ ಈ ಮಾಹಿತಿ ಎಲ್ಲರಿಗೂ ಸಿಗುತ್ತದೆ. ತಮ್ಮ ತಾಲ್ಲೂಕಿನ ಮುಂದೆ ಸೊನ್ನೆ ನೋಡಿದ ಯಾರಾದರೂ ಮುಂದಿನ ತಿಂಗಳು ಖಂಡಿತ ಬರೆಯುತ್ತಾರೆ. ಚಳ್ಳಕೆರೆಯ ಅಂಕಿಗಳನ್ನು ಪ್ರತಿ ತಿಂಗಳು ತೆಗೆದು ಕಳಿಸಲು ನಾನು ಸಿದ್ಧ.

ಇಂತಿ,
ನಿವೃತ್ತ ಲೈನ್‌ಮನ್,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ