ಇಂದ್ರಲಾಲ್ ರಾಯ್ ಮತ್ತೆ ಹಾರಿದ್ದು

ಪ್ರೀತಿಯ ಗೆಳೆಯಾ,

ಮೊದಲ ಮಹಾಯುದ್ಧದಲ್ಲಿ ಹತ್ತು ವಿಮಾನಗಳನ್ನು ಉರುಳಿಸಿದವನೆಂದು ನಮ್ಮ ಯುದ್ಧವಿಮಾನ ಚಾಲಕ ಇಂದ್ರಲಾಲ್ ರಾಯ್ ಬಗ್ಗೆ ನೀನು ಬರೆದಿದ್ದೆ. ಲೆಕ್ಕ ಸರಿ, ಅದರಲ್ಲಿ ಎರಡು ಜೊತೆಗಾರರೊಂದಿಗೆ ಹಂಚಿಕೊಂಡ ಗೆಲುವು. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಹತ್ತಕ್ಕೂ ಮುಂಚಿನ ತಿಂಗಳುಗಳಲ್ಲಿ.

ಅವನು ಹುಟ್ಟಿದ್ದು 1898ರ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ, ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಕಣ್ಣಿನ ದೃಷ್ಟಿ ಸಾಲದೆಂದು ಬ್ರಿಟಿಷ್ ಸೇನೆಯ ವಿಮಾನ ದಳವಾದ ರಾಯಲ್ ಫ್ಲೈಯಿಂಗ್ ಕೋರ್ ಮೊದಲು ತಿರಸ್ಕರಿಸಿದಾಗ, ತನ್ನ ಮೋಟಾರ್ ಬೈಕ್ ಮಾರಿ ಆ ಹಣದಲ್ಲಿ ದೊಡ್ಡ ವೈದ್ಯರೊಬ್ಬರ ಬಳಿ ಮತ್ತೆ ಪರೀಕ್ಷೆ ಮಾಡಿಸಿಕೊಂಡನಂತೆ. 1917ರ ಅಕ್ಟೋಬರ್ ಕೊನೆಗೆ ಆ ದಳದ 56ನೇ ಸ್ಕ್ವಾಡ್ರನ್, ಅಂದರೆ ವಿಮಾನ ತುಕಡಿ, ಸೇರಿದ. ಡಿಸೆಂಬರ್ 6ರಂದು ಅವನ ಎಸ್.ಇ.5ಎ ಯುದ್ಧವಿಮಾನ ನೆಲಕ್ಕಪ್ಪಳಿಸಿತು. ಹತ್ತೊಂಬತ್ತು ತುಂಬಿ ನಾಲ್ಕೇ ದಿನವಾಗಿತ್ತು! ಸತ್ತನೆಂದು ಶವಾಗಾರಕ್ಕೆ ಸಾಗಿಸಿದ್ದರು, ಅಲ್ಲಿ ಎಚ್ಚರಗೊಂಡು ಬಾಗಿಲು ಬಡಿದ ಎಂಬ ಕಥೆಯೂ ಇದೆ. ನಾನು ಅದನ್ನು ಕಥೆಯಾಗಿಯೇ ಇಟ್ಟುಕೊಂಡಿದ್ದೇನೆ. ಚೇತರಿಸಿಕೊಳ್ಳುವಾಗ ಅವನು ಮಾಡುತ್ತಿದ್ದ ಕೆಲಸವೆಂದರೆ ವಿಮಾನಗಳ ಚಿತ್ರ ಬಿಡಿಸುವುದು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಇನ್ನು ಹಾರಲು ಯೋಗ್ಯನಲ್ಲ ಎಂದರು ವೈದ್ಯರು. ಹಟ ಹಿಡಿದು ಮೇಲಿನವರನ್ನು ಒಪ್ಪಿಸಿ, 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್‌ಗೆ ಬಂದೇಬಿಟ್ಟ. ಅಲ್ಲಿ ಅವನ ನಾಯಕ ಕ್ಯಾಪ್ಟನ್ ಜಾರ್ಜ್ ಮ್ಯಾಕೆಲ್ರಾಯ್.

ಅವನು ಹಾರಿಸುತ್ತಿದ್ದ ಆ ಎಸ್.ಇ.5ಎ ಎಂಥದ್ದೆಂದು ಸ್ವಲ್ಪ ಯೋಚಿಸು. ಒಬ್ಬನೇ ಕೂರುವ ತೆರೆದ ಕಾಕ್‌ಪಿಟ್. ಎರಡು ಮೆಷಿನ್‌ಗನ್, ಅದರಲ್ಲೊಂದು ಮೇಲಿನ ರೆಕ್ಕೆಯ ಮೇಲೆ. ಅದರ ಗುಂಡಿನ ಡ್ರಮ್ ಬರಿದಾದರೆ, ಮುಖಕ್ಕೆ ರಾಚುವ ಗಾಳಿಯಲ್ಲೇ ಗನ್ನನ್ನು ಬಾಗಿದ ಹಳಿಯ ಮೇಲೆ ಕೆಳಕ್ಕೆಳೆದುಕೊಂಡು ಬೇರೆ ಡ್ರಮ್ ಕೂರಿಸಬೇಕು. ವಿಮಾನವನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಬ್ರಿಟಿಷ್ ವಿಮಾನ ಚಾಲಕರಿಗೆ ಆಗ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಒಮ್ಮೆ ಬಿದ್ದು ಎದ್ದವನು ಇದೆಲ್ಲ ತಿಳಿದೇ ಮತ್ತೆ ಹತ್ತಿ ಕುಳಿತ.

ಆ ಹತ್ತೂ ಗೆಲುವು ಬಂದದ್ದು ಜುಲೈ 6ರಿಂದ 19ರೊಳಗೆ. 8ರಂದು ನಾಲ್ಕು ಗಂಟೆಗಳ ಅಂತರದಲ್ಲಿ ಮೂರು. 22ರಂದು ಫ್ರಾನ್ಸಿನ ಕಾರ್ವಿನ್ ಮೇಲೆ ಜರ್ಮನ್ನರ ಫಾಕರ್ ವಿಮಾನಗಳೊಂದಿಗೆ ಕಾದಾಡುತ್ತ ಮಡಿದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯ ಪದಕ ಘೋಷಣೆಯಾದದ್ದು ಸೆಪ್ಟೆಂಬರ್‌ನಲ್ಲಿ. ಪದಕ ಪಡೆಯಲು ಅವನೇ ಇರಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ನಮ್ಮ ವಾಯುಪಡೆ ಹುಟ್ಟಿದ್ದೇ 1932ರಲ್ಲಿ, ಅವನು ಹೋಗಿ ಹದಿನಾಲ್ಕು ವರ್ಷಗಳಾದ ಮೇಲೆ. 1998ರಲ್ಲಿ ಅವನ ನೂರನೇ ವರ್ಷಕ್ಕೆ ಅಂಚೆ ಇಲಾಖೆ ಅಂಚೆಚೀಟಿ ತಂದಿತು.

ಡಿಸೆಂಬರ್‌ನಲ್ಲಿ ಕೋಲ್ಕತ್ತಕ್ಕೆ ಹೋಗುತ್ತೇನೆ ಎಂದಿದ್ದೆಯಲ್ಲ, ಭವಾನೀಪುರದಲ್ಲಿ ಅವನ ಹೆಸರಿನ ರಸ್ತೆಯಿದೆ. ಬಿಡುವಾದರೆ ಅತ್ತ ಹೋಗಿ ಬಾ.

ನಿನ್ನ ಗೆಳೆಯ