ಕಿಟಕಿಯ ಕಪ್ಪು ಪೇಪರ್ ತೆಗೆದೆಯಾ?

ಪುಟ್ಟೀ,

ಫೋನಿನಲ್ಲಿ ಸಿನಿಮಾ ವಿಷಯ ಎತ್ತಬೇಡ ಅಂದೆ. ಎತ್ತಿಲ್ಲ. ಪತ್ರದಲ್ಲಿ ಎತ್ತಬಾರದು ಅಂತ ನೀನೇನೂ ಹೇಳಲಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಎರಡು ಸಾಲು ಓದಿ, ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾಗುತ್ತೀಯ. ಹಾಗಾಗಿ ಕೊರಿಯರ್. ಜೊತೆಗೆ ಚಟ್ನಿಪುಡಿ ಇದೆ, ಬಂದ ತಕ್ಷಣ ಡಬ್ಬಿಗೆ ಹಾಕು.

ನೀನು ಸಿನಿಮಾ ಗ್ರಾಫಿಕ್ಸ್ ಮಾಡುತ್ತಿದ್ದ ಕಂಪನಿ ಮುಚ್ಚಿದ ಕಥೆ ನಾನು ಮತ್ತೆ ತೆಗೆಯುವುದಿಲ್ಲ. ಆ ದಿನ ಏನಾಯಿತು ಅಂತ ಇಬ್ಬರಿಗೂ ಗೊತ್ತು. ಭಾನುವಾರ ಫೋನಿನಲ್ಲಿ ಆಡಿಕೊಂಡದ್ದೂ ಗೊತ್ತು. ನಾನು ಅಷ್ಟು ದನಿ ಏರಿಸಬಾರದಿತ್ತು, ಬೇಜಾರು ಮಾಡಿಕೊಳ್ಳಬೇಡ. ಆದರೆ ನೀನು ಒಂದು ಮಾತು ಅಂದೆ, "ಸೂಪರ್‌ಹೀರೋ ಸಿನಿಮಾಗಳ ಕಥೆ ಮುಗೀತಮ್ಮಾ, ಯಾರಿಗೂ ಬೇಡದ ಸಿನಿಮಾಗೆ ನಾನು ಕಣ್ಣು ಹಾಳು ಮಾಡ್ಕೊಂಡೆ" ಅಂತ. ಅದನ್ನು ಒಪ್ಪಲು ನನ್ನಿಂದಾಗುವುದಿಲ್ಲ. ಈ ಚಟ ಹತ್ತಿಸಿದವಳು ನೀನೇ. ಈಗ ನೀನು ಬಿಟ್ಟೆ ಅಂತ ನಾನೂ ಬಿಡಬೇಕಾ?

ಜನಕ್ಕೆ ಹೀರೋಗಳು ಸಾಕಾಗಿಲ್ಲ, ಹೋಮ್‌ವರ್ಕ್ ಸಾಕಾಗಿದೆ. 2019ರಲ್ಲಿ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸಿನಿಮಾ 'ಎಂಡ್‌ಗೇಮ್' ಪ್ರಪಂಚದಲ್ಲೆಲ್ಲ ಸೇರಿ ಹತ್ತಿರ ಹತ್ತಿರ 280 ಕೋಟಿ ಡಾಲರ್ ದುಡಿಯಿತು. (ಆ ದಿನ ಥಿಯೇಟರಿನಲ್ಲಿ ನಾವಿಬ್ಬರೂ ಅತ್ತದ್ದು ಬಿಡು.) ನಾಲ್ಕೇ ವರ್ಷಕ್ಕೆ, 2023ರಲ್ಲಿ, 'ದಿ ಮಾರ್ವೆಲ್ಸ್' ಬಂದಾಗ 20 ಕೋಟಿ ಚಿಲ್ಲರೆಗೇ ನಿಂತಿತು. ಯಾಕೆ ಹೇಳು? ಅದರಲ್ಲಿ ಮೂವರು ನಾಯಕಿಯರು. ಒಬ್ಬಳ ಪೂರ್ವಕಥೆಗೆ ಹಳೇ ಸಿನಿಮಾ ನೋಡಿರಬೇಕು, ಇನ್ನೊಬ್ಬಳದಕ್ಕೆ ಒಂದು ಸೀರೀಸು, ಮೂರನೆಯವಳದಕ್ಕೆ ಮತ್ತೊಂದು ಸೀರೀಸು. ಒಂದು ಟಿಕೆಟ್ ತಗೊಂಡವನು ಇಷ್ಟೆಲ್ಲ ಓದಿಕೊಂಡು ಬರಬೇಕು ಅಂದರೆ ಯಾರು ಬರುತ್ತಾರೆ? ಅದರಲ್ಲಿ ನನಗೆ ಇಷ್ಟವಾದದ್ದು ಆ ಮೂವರಲ್ಲಿ ಒಬ್ಬಳಾದ ಕಮಲಾಳ ಅಮ್ಮ ಒಬ್ಬಳೇ. ಆಕಾಶವೇ ಕಳಚಿಬಿದ್ದರೂ ಮಗಳನ್ನು ಬೈಯುವುದು ಬಿಡುವುದಿಲ್ಲ, ಥೇಟ್ ನಮ್ಮ ಪೈಕಿ.

ಎರಡನೆಯದು ಅವಸರ. ಅದೇ ವರ್ಷದ 'ಕ್ವಾಂಟಮೇನಿಯಾ' ನೆನಪಿದೆಯಾ, ಆ್ಯಂಟ್‌ಮ್ಯಾನ್‌ದು? ಅಪ್ಪ ಮಗಳ ಕಥೆ ಅಂತ ಆಸೆಯಿಂದ ಹೋಗಿದ್ದೆ. ಮುಖಗಳು ಮುಂದೆ, ಹಿಂದೆ ಎಲ್ಲ ಕಲಸುಮೇಲೋಗರ, ಯಾರು ಎಲ್ಲಿ ನಿಂತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಎಲ್ಲರೂ ಗ್ರಾಫಿಕ್ಸ್‌ನವರನ್ನು ಆಡಿಕೊಂಡರು. ನನಗೆ ಹೊಟ್ಟೆ ಉರಿಯಿತು, ಯಾಕೆಂದರೆ ಒಳಗಿನ ಕಥೆ ನೀನು ನನಗೆ ಹೇಳಿದ್ದೆ. ಮೊದಲೇ ಇಷ್ಟೇ ದುಡ್ಡು ಅಂತ ಗುತ್ತಿಗೆ ಮಾತಾಡಿಕೊಂಡಿರುತ್ತಾರೆ, ಆಮೇಲೆ ಕೊನೇ ಗಳಿಗೆಯವರೆಗೆ ಅದು ಬದಲಾಯಿಸು, ಇದು ಬದಲಾಯಿಸು. ದುಡ್ಡು ಅಷ್ಟೇ, ರಾತ್ರಿ ಮಾತ್ರ ಜಾಸ್ತಿ. ಅದೇ 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್‌ನ ಒಳಗಿನ ವಿಎಫ್‌ಎಕ್ಸ್, ಅಂದರೆ ಗ್ರಾಫಿಕ್ಸ್ ಕೆಲಸಗಾರರೇ ಒಂದು ಮತವೂ ವಿರೋಧ ಬೀಳದೆ ಯೂನಿಯನ್ ಬೇಕು ಅಂತ ಮತ ಹಾಕಿದರಲ್ಲ. ಆ ಸುದ್ದಿಯನ್ನು ನಾನು ನಿನಗೆ ಕಳಿಸಿದ್ದೆ, ನೀನು ಉತ್ತರ ಕೊಡಲಿಲ್ಲ. ಅದೇ ವರ್ಷ ಹಾಲಿವುಡ್‌ನ ಬರಹಗಾರರ ಮುಷ್ಕರ, ನಟರ ಮುಷ್ಕರ. ಅಲ್ಲಿ ಶೂಟಿಂಗ್ ನಿಂತಿತು, ಇಲ್ಲಿ ನಿಮ್ಮ ಮೇಜಿಗೆ ಶಾಟ್ ಬರುವುದು ನಿಂತಿತು. 2024ರಲ್ಲಿ ಮಾರ್ವೆಲ್ ಸ್ಟುಡಿಯೋಸ್‌ನಿಂದ ಥಿಯೇಟರಿಗೆ ಬಂದದ್ದು 'ಡೆಡ್‌ಪೂಲ್ ಆ್ಯಂಡ್ ವುಲ್ವರಿನ್' ಒಂದೇ. ಅದು 130 ಕೋಟಿ ಡಾಲರ್ ದಾಟಿತು, ನೆನಪಿಟ್ಟುಕೋ, ಮುಗಿದುಹೋದ ಜಾತಿಯ ಸಿನಿಮಾ ಅಂತೆ! ಅಂದರೆ ನಿನ್ನ ಕೆಲಸ ಹೋದದ್ದಕ್ಕೂ ನಿನ್ನ ಕೈಗೂ ಸಂಬಂಧ ಇಲ್ಲ. ಇದನ್ನು ನಿನ್ನ ತಲೆಗೆ ಹೇಗೆ ತುರುಕುವುದೋ ನನಗೆ ಗೊತ್ತಾಗುತ್ತಿಲ್ಲ.

ನಿನ್ನ ಕೈ ಎಂಥದು ಅಂತ ನಾನು ನೋಡಿದ್ದೇನೆ. ಲ್ಯಾಪ್‌ಟಾಪ್ ಮನೆಗೆ ತಂದಿದ್ದೆಯಲ್ಲ, ಕಾಲೇಜಿನ ಪ್ರಾಜೆಕ್ಟ್ ಅಂತ. ನೀಲಿ ಬಟ್ಟೆಯ ಮುಂದೆ ಗುಂಗುರು ಕೂದಲಿನ ಹುಡುಗಿ ತಿರುಗಿ ನೋಡುತ್ತಾಳೆ, ಅಷ್ಟೇ. ಸೆಕೆಂಡಿಗೆ 24 ಫ್ರೇಮು. ನೀನು ಒಂದೊಂದು ಫ್ರೇಮಿನಲ್ಲೂ ಅವಳ ಅಂಚಿನ ಸುತ್ತ ಚುಕ್ಕಿ ಇಟ್ಟು, ಎಳೆದು, ಸರಿಸಿ, ಮತ್ತೆ ಸರಿಸಿ, ಕೂದಲನ್ನು ಆ ನೀಲಿಯಿಂದ ಬಿಡಿಸುತ್ತಿದ್ದೆ. ಹಲಸಿನ ತೊಳೆಯಿಂದ ನಾರು ಬಿಡಿಸಿದ ಹಾಗೆ, ತೊಳೆಗೆ ಉಗುರು ತಾಗಬಾರದು. ಕಿವಿ ಹಿಂದೆ ಒಂದು ಎಳೆ ಇತ್ತು, ಅವಳು ತಿರುಗಿದಾಗ ಮಸುಕಾಗಿ ಹಾರುತ್ತದೆ. "ಇದನ್ನ ಬಿಟ್ಟರೂ ಯಾರಿಗೂ ಗೊತ್ತಾಗಲ್ಲಮ್ಮ" ಅಂದೆ. ಆದರೆ ಬಿಡಲಿಲ್ಲ. ಊಟ ಆರಿಹೋಯಿತು. ಆವತ್ತಿನಿಂದ ನಾನು ಸಿನಿಮಾದಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ, ಮುಖದ ಅಂಚು ನೋಡುತ್ತೇನೆ. ಕೊನೆಯಲ್ಲಿ ಸಾವಿರಾರು ಹೆಸರು ಓಡುತ್ತವಲ್ಲ, ಅದರಲ್ಲಿ ನಿನ್ನದು ಇರುವುದಿಲ್ಲ ಅಂತ ಗೊತ್ತಿದ್ದೂ ಕೂತಿರುತ್ತೇನೆ. ಕಸ ಗುಡಿಸುವ ಹುಡುಗರು ಬಂದು ನಿಂತರೂ ಏಳುವುದಿಲ್ಲ. ನಿಮ್ಮಪ್ಪನಿಗೆ ಇದು ಹುಚ್ಚು.

ಈಗ 2025ರ ಮೇ ತಿಂಗಳಲ್ಲಿ ಬಂದ 'ಥಂಡರ್‌ಬೋಲ್ಟ್ಸ್'. ಅದನ್ನು ನೀನು ನೋಡಿಲ್ಲ ಅಂತ ಗೊತ್ತು, ಕಥೆ ಹೇಳಿಬಿಡುತ್ತೇನೆ, ಬೈಯಬೇಡ. ಬಾಬ್ ಅಂತ ಒಬ್ಬ ಹುಡುಗ. ಅವನೊಳಗಿನ ಕತ್ತಲೆಯೇ ಎದ್ದು ನಿಲ್ಲುತ್ತದೆ. ಅದು ಕೈ ಎತ್ತಿದರೆ ಸಾಕು, ನ್ಯೂಯಾರ್ಕ್‌ನ ರಸ್ತೆಯಲ್ಲಿ ನಿಂತವರು ನಿಂತಲ್ಲೇ ನೆರಳಾಗಿ ಗೋಡೆಗೆ, ನೆಲಕ್ಕೆ ಅಂಟಿಹೋಗುತ್ತಾರೆ. ಒಳಗೆ ಹೋದವರಿಗೆ ಕೋಣೆ ಮೇಲೆ ಕೋಣೆ, ಒಂದೊಂದರಲ್ಲೂ ಬದುಕಿನ ಒಂದೊಂದು ಕೆಟ್ಟ ದಿನ. ಬಾಬ್ ತನ್ನ ಬಾಲ್ಯದ ಮನೆಯ ಅಟ್ಟದಲ್ಲಿ ಮುದುರಿ ಕೂತಿರುತ್ತಾನೆ, ಮಿಕ್ಕ ಕೋಣೆಗಳಿಗಿಂತ ಇದೇ ವಾಸಿ ಅಂತ.

ಅದನ್ನು ನೋಡುವಾಗ ನನಗೆ ನಿನ್ನ ರೂಮಿನ ಕಿಟಕಿ ಕಣ್ಣ ಮುಂದೆ ಬಂತು. ಕಪ್ಪು ಚಾರ್ಟ್ ಪೇಪರ್ ಅಂಟಿಸಿದ್ದೀಯಲ್ಲ. ಅಂಟಿಸಿದಾಗ ಅದಕ್ಕೆ ಕಾರಣ ಇತ್ತು, ಒಪ್ಪುತ್ತೇನೆ. ಮನೆಯಿಂದ ಕೆಲಸ, ಬೆಳಕು ಬಿದ್ದರೆ ಸ್ಕ್ರೀನ್ ಮೇಲೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ಆದರೆ ಕೆಲಸ ಹೋದದ್ದು ಫೆಬ್ರವರಿಯಲ್ಲಿ. ನಾನು ಜುಲೈನಲ್ಲಿ ಬಂದಾಗಲೂ ಪೇಪರ್ ಹಾಗೇ ಇತ್ತು. ನಾಲ್ಕು ಮೂಲೆಗೂ ಹೊಸ ಟೇಪ್ ಇತ್ತು, ಪುಟ್ಟೀ. ಹಳೇ ಟೇಪ್ ಹಳದಿಯಾಗಿ ಬಿಟ್ಟುಕೊಂಡಿತ್ತು, ಅದರ ಮೇಲೆ ಯಾರೋ ಹೊಸದು ಹಾಕಿದ್ದರು. ಯಾರೋ ಏನು, ನೀನೇ. ಯಾವ ಶಾಟ್‌ಗೋಸ್ಕರ ಹಾಕಿದೆ? ಬಂದ ದಿನ ಕೇಳಲಿಲ್ಲ, ಎರಡನೇ ದಿನವೂ ಕೇಳಲಿಲ್ಲ, ಬಸ್ಸಿನಲ್ಲಿ ಕೂತಮೇಲೆ ಅದೊಂದೇ ಯೋಚನೆ. ಮಧ್ಯಾಹ್ನ ಒಂದು ಗಂಟೆಗೆ ಲೈಟ್ ಹಾಕಿಕೊಂಡು ಅನ್ನ ತಿನ್ನುತ್ತಿದ್ದೆ. ಬಿಸಿಲು ಬಂದರೆ ತಲೆನೋವು ಅಂದೆ. ಮಾಲೀಕರು ಕಿಟಕಿ ರಿಪೇರಿ ಮಾಡಿಸಿಲ್ಲ ಅಂದೆ. ಎರಡರಲ್ಲಿ ಯಾವುದು ನಿಜ? ನೀನು ಚಿಕ್ಕವಳಿದ್ದಾಗಲೂ ಸುಳ್ಳು ಹೇಳಬೇಕಾದರೆ ಎರಡೆರಡು ಕಾರಣ ಕೊಡುತ್ತಿದ್ದೆ.

ಸಿನಿಮಾಕ್ಕೆ ಬರುತ್ತೇನೆ. ಯೆಲೆನಾ ಅಂತ ಹುಡುಗಿ, ಅವಳಿಗೂ ಒಳಗೆಲ್ಲ ಖಾಲಿ. ರಸ್ತೆಯಲ್ಲಿ ನಿಂತು ತನ್ನ ಸಾಕಪ್ಪನಿಗೆ ಹೇಳಿಕೊಂಡು ಅಳುತ್ತಾಳೆ. ದಿನವಿಡೀ ಕೂತು ಫೋನ್ ನೋಡ್ತೀನಿ, ಮಾಡಿದ ಕೆಟ್ಟದ್ದೆಲ್ಲ ನೆನಪಾಗುತ್ತೆ ಅಂತ. ಆ ಅಪ್ಪ ದೊಡ್ಡ ಬಾಯಿಯ ಮನುಷ್ಯ, ಇಡೀ ಸಿನಿಮಾ ಜೋಕರ್ ಥರ ಕಿರುಚಾಡುತ್ತಾನೆ. ಅಲ್ಲಿ ಮಾತ್ರ ಅವಳ ಹಳೇ ಫುಟ್‌ಬಾಲ್ ತಂಡದ ಮಾತು ತೆಗೆಯುತ್ತಾನೆ. ಸಿನಿಮಾದ ಹೆಸರೇ ಆ ತಂಡದ್ದು, ಒಂದು ಪಂದ್ಯವನ್ನೂ ಗೆಲ್ಲದ ಪುಟ್ಟ ಹುಡುಗಿಯರ ತಂಡ. ಇಂಥದ್ದನ್ನು ಬರೆದವರಿಗೆ ಕೈ ಮುಗಿಯಬೇಕು. ಆಮೇಲೆ ಅವಳು ಆ ಕತ್ತಲೆಯೊಳಗೆ ಯಾರೂ ತಳ್ಳದೆ ತಾನಾಗೇ ನಡೆದುಹೋಗುತ್ತಾಳೆ, ಬಾಬ್‌ನನ್ನು ಹುಡುಕಿಕೊಂಡು. ಬಾಬ್ ಮಾತ್ರ ಆ ಕತ್ತಲೆಯನ್ನು ಗುದ್ದಿ ಗುದ್ದಿ ಗೆಲ್ಲಲು ನೋಡುತ್ತಾನೆ. ಗುದ್ದಿದಷ್ಟೂ ಅದು ಅವನನ್ನೇ ನುಂಗುತ್ತದೆ. ಕೊನೆಗೆ ಎಲ್ಲರೂ ಹೋಗಿ ಅವನನ್ನು ತಬ್ಬಿ ಹಿಡಿದುಕೊಳ್ಳುತ್ತಾರೆ. ಸೂಪರ್‌ಹೀರೋ ಸಿನಿಮಾದ ಕ್ಲೈಮ್ಯಾಕ್ಸ್ ಇದು! ಒಂದು ಕಟ್ಟಡ ಬೀಳುವುದಿಲ್ಲ. ದುಡ್ಡು ಜಾಸ್ತಿ ಮಾಡಲಿಲ್ಲ, ಸುಮಾರು 38 ಕೋಟಿ ಡಾಲರ್. ಅದಕ್ಕೇ ನಿನಗೆ ಹೇಳುವುದು, ದುಡ್ಡಿನ ಲೆಕ್ಕ ಹಿಡಿದು ಸಿನಿಮಾ ಅಳೆಯಬೇಡ. (ಮೇಲೆ ನಾನೇ ಅಳೆದೆ. ಇರಲಿ.)

ಆ ಕತ್ತಲೆ ಕೋಣೆಯ ಶಾಟ್‌ಗಳು ಎಷ್ಟು ಚೆನ್ನಾಗಿವೆ ಅಂತ ನಿನಗೇ ತೋರಿಸಬೇಕು. ಆದರೆ ನೀನು ಆ ಪೇಪರ್ ಇರುವ ರೂಮಿನಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ನೋಡುವುದು ಬೇಡ. ಇಲ್ಲಿಗೆ ಬಾ, ಹಾಲ್‌ನಲ್ಲಿ ನೋಡೋಣ. ಟೇಪ್ ಹೊಸದಾಗಿತ್ತಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ.

'ಸೂಪರ್‌ಮ್ಯಾನ್' ನೋಡಿದೆ. ಜೇಮ್ಸ್ ಗನ್ ಮಾಡಿದ್ದು. ಶುರುವಿನಲ್ಲೇ ಸೋತು ಹಿಮದಲ್ಲಿ ಬಿದ್ದಿರುತ್ತಾನೆ, ಶಿಳ್ಳೆ ಹೊಡೆದು ನಾಯಿ ಕರೆಯುತ್ತಾನೆ, ನಾಯಿ ಮೊದಲು ಅವನ ಮೈಮೇಲೆ ಕುಣಿದಾಡುತ್ತದೆ. ಗೆದ್ದುಕೊಂಡೇ ಬರುವವನಿಗಿಂತ ಇವನು ವಾಸಿ. ನಮ್ಮ ಸೆನ್ಸಾರಿನವರು ಮುತ್ತಿನ ದೃಶ್ಯದಲ್ಲಿ 33 ಸೆಕೆಂಡ್ ಕತ್ತರಿಸಿದರು, ಊರಿಗೆ ಊರೇ ಸೀಳಿಹೋಗುವುದನ್ನು ಮಾತ್ರ ಪೂರ್ತಿ ಬಿಟ್ಟರು. ಅದರಲ್ಲಿ ಸಾಕಿದ ಅಪ್ಪ ಒಂದು ಮಾತು ಹೇಳುತ್ತಾನೆ, ಮಕ್ಕಳು ಏನಾಗಬೇಕು ಅಂತ ಹೇಳುವುದು ಅಪ್ಪ ಅಮ್ಮನ ಕೆಲಸ ಅಲ್ಲ ಅಂತ. ತುಂಬ ಹಿಡಿಸಿತು. ಆದ್ದರಿಂದ ನಾನು ಏನೂ ಹೇಳುವುದಿಲ್ಲ.

ಆದರೂ ಕೇಳು. ಬ್ಯಾಂಕ್ ಪರೀಕ್ಷೆಯ ಫಾರಂ ತುಂಬು ಅಂತ ನಿಮ್ಮಪ್ಪ ಹೇಳುತ್ತಿದ್ದಾರೆ. ತುಂಬಿದರೆ ಗಂಟೇನು ಹೋಗುತ್ತೆ? ತುಂಬು, ಬರೆಯಲೇಬೇಕು ಅಂತಿಲ್ಲ. ಅಂಚು ಬಿಡಿಸುವ ಕೆಲಸವನ್ನು ಇನ್ನು ಮೇಲೆ ಮಿಷನ್ನೇ ಮಾಡುತ್ತೆ ಅಂದೆಯಲ್ಲ, ಹಾಗಾದರೆ ಮಿಷನ್ ತಪ್ಪು ಮಾಡಿದ್ದನ್ನು ಗುರುತಿಸುವವರು ಬೇಡವಾ? ಕಿವಿ ಹಿಂದಿನ ಎಳೆಯನ್ನು ನೋಡಿದವಳು ನೀನು. ಬಿಡಿಸಿದ ಚಿತ್ರಗಳನ್ನೆಲ್ಲ ಒಂದೇ ಶಾಟ್‌ಗೆ ಜೋಡಿಸುವ ಕಾಂಪೋಸಿಟಿಂಗ್ ಕಲಿ, ಮೇಲಿನ ಮೆಟ್ಟಿಲು ಅದೇ ಅಂತ ನೀನೇ ಹೇಳುತ್ತಿದ್ದೆ. ಬರೀ ಹಾಲಿವುಡ್ ಕಡೆ ಬಾಯಿ ಬಿಟ್ಟುಕೊಂಡು ಕೂರಬೇಡ. ಜುಲೈ 25ಕ್ಕೆ ನಾನು 'ಫೆಂಟಾಸ್ಟಿಕ್ ಫೋರ್'ಗೆ ಹೋದರೆ, ಅದೇ ದಿನ ಬಿಡುಗಡೆಯಾದ 'ಮಹಾವತಾರ್ ನರಸಿಂಹ'ದ ಅಬ್ಬರ ಮುಂದಿನ ವಾರಗಳಲ್ಲಿ ನೋಡಬೇಕಿತ್ತು. ಪೂರ್ತಿ ಅನಿಮೇಷನ್, ಅರ್ಪಿಸಿದವರು ನಮ್ಮ ಹೊಂಬಾಳೆಯವರು. 'ಲೋಕಾ' ನೋಡಿದೆಯಾ? ಬೆಂಗಳೂರಿನ ರಾತ್ರಿಯಲ್ಲಿ ಒಬ್ಬಳು ಸೂಪರ್‌ಹೀರೋ ಓಡಾಡಬೇಕಾದರೆ ಮಲಯಾಳಂನವರೇ ಬಂದು ಸಿನಿಮಾ ಮಾಡಬೇಕಾಯಿತು. ನಮ್ಮ ಊರಿನ ಹುಡುಗಿಯರ ಬಗ್ಗೆ ಒಂದು ಡೈಲಾಗ್ ಕೆಟ್ಟದಾಗಿತ್ತು, ಕ್ಷಮೆ ಕೇಳಿದರು, ಆಯಿತು. ಆದರೆ ಮಾರ್ವೆಲ್‌ನವರ ಬಜೆಟ್ಟಿನ ಒಂದು ಚೂರಿನಲ್ಲಿ ಅಂಥ ಬೆಳಕು, ಅಂಥ ಬೀದಿ! ಯಾರೋ ಕೂತು ಮಾಡಿದ್ದಾರಲ್ಲ ಅದನ್ನು?

'ಫೆಂಟಾಸ್ಟಿಕ್ ಫೋರ್' ಬಗ್ಗೆ ಬರೆಯಲು ಬೇಕಾದಷ್ಟಿದೆ, ಜಾಗ ಇಲ್ಲ. ಭೂಮಿ ಉಳಿಯಬೇಕಾದರೆ ನಿಮ್ಮ ಮಗು ಕೊಡಿ ಅಂತ ಕೇಳಿದಾಗ ಆ ತಾಯಿ ಕೊಡುವುದಿಲ್ಲ ಅನ್ನುತ್ತಾಳೆ. ಜನ ಬೈದರೂ ಅನ್ನುತ್ತಾಳೆ. ಅಷ್ಟು ಸಾಕು ನನಗೆ. ಮಗು ಕೆಲವು ಕಡೆ ಕಂಪ್ಯೂಟರ್ ಮಗು ಅಂತ ನನಗೇ ತಿಳಿಯಿತು, ನೀನಿದ್ದಿದ್ದರೆ ಬಿಡುತ್ತಿರಲಿಲ್ಲ.

2026ರ ಡಿಸೆಂಬರ್ 18ಕ್ಕೆ ಮಾರ್ವೆಲ್‌ನ 'ಡೂಮ್ಸ್‌ಡೇ'. ಐರನ್‌ಮ್ಯಾನ್ ಆಗಿ ಸತ್ತ ರಾಬರ್ಟ್ ಡೌನಿಯನ್ನೇ ಕರೆದು ಡಾಕ್ಟರ್ ಡೂಮ್ ಅನ್ನುವ ಖಳನನ್ನು ಮಾಡುತ್ತಿದ್ದಾರೆ. ಹೊಸಬರನ್ನು ಬೆಳೆಸಲಾಗದೆ ಹಳೇ ಮುಖ ಹೊತ್ತು ತರುವುದು ನನಗೆ ಸರಿ ಕಾಣಲಿಲ್ಲ. ಹೋಗುತ್ತೇನೆ, ಅದು ಬೇರೆ ಮಾತು.

ಈ ಭಾನುವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ನಿಮ್ಮಪ್ಪ ಬರುವುದಿಲ್ಲ, ಅವರಿಗೆ ಮಂಡಿನೋವು. ಎರಡು ದಿನ ಇರುತ್ತೇನೆ, ವಾಪಸ್ ಬರುವಾಗ ನಿನಗೂ ಟಿಕೆಟ್ ಮಾಡಿಸಿದ್ದೇನೆ, ದಸರಾ ಮುಗಿಸಿಕೊಂಡು ಹೋಗುವೆಯಂತೆ. ಲ್ಯಾಪ್‌ಟಾಪ್ ಕಂತು ಈ ತಿಂಗಳದ್ದು ಕಟ್ಟಿದ್ದೇನೆ, ಅದಕ್ಕೆ ಜಗಳ ಬೇಡ. ಬರಬೇಡ ಅನ್ನುವುದಾದರೆ ಶನಿವಾರ ಸಂಜೆಯೊಳಗೆ ಫೋನ್ ಮಾಡಿ ಬಾಯಲ್ಲೇ ಹೇಳು. ಮೆಸೇಜ್ ಲೆಕ್ಕಕ್ಕಿಲ್ಲ.

ಅಮ್ಮ